ಜಾರಲೊಲ್ಲದ ಲಂಗರಿಗೆ ವರ್ನಾಳ ಅಹವಾಲು

ಶ್ರೀಯುತ ಲಂಗರು ಮಹಾಶಯರಿಗೆ,
'ವಿನಿಫ್ರೆಡ್' ಹಾಯಿದೋಣಿಯ ಮೂತಿ, ನಿನ್ನೆಯವರೆಗೆ ಮೇರೋ ದ್ವೀಪದ ಕೊಲ್ಲಿ.

ಮಾನ್ಯರೇ,

ತಮ್ಮ ಮೈಗೆ ಮೆತ್ತಿದ ಕೆಸರಿಗೂ ತಮ್ಮ ಸರಪಳಿಯ ಒಂದೊಂದು ಕೊಂಡಿಗೂ ಮೊದಲು ನನ್ನ ನಮಸ್ಕಾರಗಳು. ನೋವಾ ಸ್ಕೋಶಿಯಾದ ಲೂನನ್‌ಬರ್ಗಿನವಳಾದ ನಾನು, ನಿವೃತ್ತನಾದ ಗಂಡ ಡೆಲ್ಬರ್ಟನ ಹಠಕ್ಕೆ ಮಣಿದು, ಅವನ ತಾಯಿಯ ಹೆಸರು ಹೊತ್ತ ಈ ದೋಣಿಯಲ್ಲಿ ಕೆರಿಬಿಯನ್ ಸಮುದ್ರದ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಿರುವುದು ತಮಗೆ ತಿಳಿದೇ ಇದೆ. ಅತ್ತೆಯ ಹೊಟ್ಟೆಯೊಳಗೇ ಸಂಸಾರ ಹೂಡುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಕ್ಕೀತು?

ನನ್ನ ದೂರು ತಾವು ಜಾರಿದಿರಿ ಎಂದಲ್ಲ, ಜಾರಲಿಲ್ಲ ಎಂದು. ಮೊದಲೆಲ್ಲ ತಾವು ಎಷ್ಟು ಧಾರಾಳವಾಗಿ ಜಾರುತ್ತಿದ್ದಿರಿ! ಸಂಜೆಯಾದರೆ ಮುಂಚೆಯೇ ಬಂದು ನಿಂತ ದೋಣಿಗಳವರೆಲ್ಲ ರಮ್ಮಿನ ಲೋಟ ಹಿಡಿದು, ಹೊಸದಾಗಿ ಬಂದ ಗಂಡಹೆಂಡಿರು ಲಂಗರು ಇಳಿಸುವ ಬಿಟ್ಟಿ ನಾಟಕ ನೋಡಲು ಕೂರುವುದು ಇಲ್ಲಿನ ಸಂಪ್ರದಾಯವಷ್ಟೆ. ಕಿರುಚಾಡಿ ಮಾನ ಕಳೆದುಕೊಳ್ಳುವುದು ಬೇಡವೆಂದು ನಾವಿಬ್ಬರೂ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡಿದ್ದೆವು. ನಾನು ಮೂತಿಯಲ್ಲಿ ನಿಂತು ಮುಷ್ಟಿ ಎತ್ತಿದರೆ ನಿಲ್ಲಿಸು ಎಂದರ್ಥ. ಆದರೆ ಚುಕ್ಕಾಣಿ ಹಿಡಿದ ಮಹಾನುಭಾವ, "ಏನೇ ಅದು, ಗುದ್ದಾಟಕ್ಕೆ ಕರೀತಿದೀಯಾ?" ಎಂದು ಕೂಗುವುದೂ, ನಾನು "ನಿಲ್ಸು ಅಂದೆ ಕಣೋ! ಕಣ್ಣನ್ನ ಎಲ್ಲಿ ಒತ್ತೆ ಇಟ್ಟಿದೀಯ?" ಎನ್ನುವುದೂ, ಅಷ್ಟರಲ್ಲಿ ತಾವು ತಳದ ಹಿಡಿತ ಬಿಟ್ಟು ಮೆಲ್ಲಗೆ ಜಾರಿ ನಮ್ಮನ್ನು ಪಕ್ಕದವರ ಮಡಿಲಿಗೆ ಒಪ್ಪಿಸುವುದೂ, ಕೊಲ್ಲಿಯೆಲ್ಲ ಚಪ್ಪಾಳೆ ತಟ್ಟುವುದೂ ನಡೆದೇ ಇತ್ತು.

ನನಗೋ ನೆಲ ಬೇಕಾಗಿತ್ತು. ಅಲುಗಾಡದ ಮಂಚ, ಹಿತ್ತಲಿನ ಆಲೂಗಡ್ಡೆ ಪಾತಿ, ಎಲ್ಲಕ್ಕಿಂತ ಮಿಗಿಲಾಗಿ ಮುನಿಸು ಬಂದಾಗ ಧಡಾರೆಂದು ಹಾಕಿಕೊಳ್ಳಲು ಹಿಂದಿನ ಕೋಣೆಯ ಬಾಗಿಲು ಬೇಕಾಗಿತ್ತು. ಈ ದೋಣಿಯಲ್ಲಿ ಎಷ್ಟೇ ಮುನಿಸಿಕೊಂಡು ಕುಳಿತರೂ ಅವನ ಮೊಣಕಾಲು ನನ್ನ ಮೊಣಕಾಲಿಗೆ ತಗಲುತ್ತದೆ. ಕಡೆಗೆ ಬೆಕ್ವೆ ದ್ವೀಪದಲ್ಲಿ ನನ್ನ ಕಣ್ಣೀರು ನೋಡಲಾರದೆ ಡೆಲ್ಬರ್ಟ್, "ಇನ್ನೊಂದೇ ಒಂದ್ಸಲ ಇದು ಜಾರ್ಲಿ, ಸೀದಾ ಮನೆಗೆ ಹೋಗೋಣ. ಮಾತಂದ್ರೆ ಮಾತು" ಎಂದು ಆಣೆಯಿಟ್ಟ.

ಅಂದಿನಿಂದ ತಾವು ಬದಲಾದಿರಿ. ಮರುವಾರ ಈ ಮೇರೋಗೆ ಬಂದು ನಿಂತಾಗ ಬಿರುಗಾಳಿ ಎದ್ದು ಕೊಲ್ಲಿಯಲ್ಲಿದ್ದ ದೋಣಿಗಳೆಲ್ಲ ಜಾರಿ, ಫ್ರೆಂಚ್ ಸಜ್ಜನರೊಬ್ಬರು ಬರಿಯ ಚಡ್ಡಿಯಲ್ಲಿ ನಮಗೆ ಕೈಬೀಸುತ್ತ ಹಿಮ್ಮುಖವಾಗಿ ಸಾಗಿಹೋದಾಗಲೂ ತಾವು ಮಾತ್ರ ಕದಲಲಿಲ್ಲ. ತುಕ್ಕು ಹಿಡಿಯಿರಿ, ರಜೆ ಹಾಕಿ, ಹೋಗಲಿ ಯಾವುದಾದರೂ ಚೆಲುವಾದ ಆಮೆಯ ಬೆನ್ನು ಹತ್ತಿ ಓಡಿಹೋಗಿ ಎಂದು ನಾನು ಬೇಡಿಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಡೆಲ್ಬರ್ಟನಂತೂ ಪ್ರತಿ ಸಂಜೆ ಈಜುಗನ್ನಡಕ ಏರಿಸಿ ತಮ್ಮ ದರ್ಶನಕ್ಕೆ ಮುಳುಗುತ್ತಿದ್ದ. ಮೇಲೆ ಬಂದು, "ಹೆಂಗ್ ಕಚ್ಚಿದೆ ಗೊತ್ತೇನೇ, ನನ್ ರಾಜ!" ಎಂದು ಕೊಂಡಾಡುತ್ತಿದ್ದ. ನಲವತ್ತು ವರ್ಷದಿಂದ ಕಚ್ಚಿಕೊಂಡೇ ಇರುವ ನನ್ನನ್ನು ಒಂದು ದಿನವೂ ಹಾಗೆ ಕರೆದವನಲ್ಲ. ಅದೇ ಹೊತ್ತಿಗೆ ನನ್ನ ಬಟ್ಟೆ ಒಣಹಾಕುವ ಹಗ್ಗ ಕಾಣೆಯಾಗಿತ್ತು. ಗಾಳಿ ಎತ್ತಿಕೊಂಡು ಹೋಯಿತೆಂದು ಅವನು ಹೇಳಿದ್ದನ್ನು ನಾನು ನಂಬಿದೆ.

ನಿನ್ನೆ ಊಟವಾದ ಮೇಲೆ ಅವನು ಗೊರಕೆ ಹೊಡೆಯುತ್ತಿದ್ದಾಗ ಆ ಕನ್ನಡಕ ಹಾಕಿಕೊಂಡು ನಾನೇ ನೀರಿಗಿಳಿದು ಕೆಳಗೆ ಇಣುಕಿದೆ. ದೋಣಿಗಳನ್ನು ಕಟ್ಟಿಹಾಕಲೆಂದು ಇಲ್ಲಿನವರು ಮುಳುಗಿಸಿಟ್ಟ ಹಳೆಯ ಲಾರಿ ಎಂಜಿನ್ನೊಂದನ್ನು ತಾವು ತಬ್ಬಿ ಮಲಗಿದ್ದಿರಿ. ತಮ್ಮಿಬ್ಬರನ್ನೂ ಸುತ್ತಿ ಸುತ್ತಿ ಬಿಗಿದಿದ್ದು ನನ್ನದೇ ಹಗ್ಗ, ಬಟ್ಟೆಯ ಕ್ಲಿಪ್ಪುಗಳ ಸಮೇತ.

ನಾನು ಕೂಗಾಡಲಿಲ್ಲ. ಅವನು ಎದ್ದ ಮೇಲೆ, "ಬಟ್ಟೆ ಒಣಗಿಸ್ಬೇಕು, ನನ್ ಹಗ್ಗ ಕೊಡು" ಎಂದೆ, ಅಷ್ಟೇ. ಅವನು ತನ್ನ ಕಾಲ್ಬೆರಳುಗಳನ್ನೇ ನೋಡುತ್ತ, "ಮನೆಗ್ ಹೋದ್ರೆ ನೀನು ಬಾಗ್ಲು ಹಾಕ್ಕೊಂಡ್ಬಿಡ್ತೀಯ ವರ್ನಾ, ವಾರಗಟ್ಲೆ. ಇಲ್ಲಾದ್ರೆ ಬೈಯೋದಕ್ಕಾದ್ರೂ ನನ್ನೆದುರಿಗೇ ಕೂರ್ಬೇಕು" ಎಂದ. ಎದೆಯೊಳಗೆ ಚುರುಕ್ಕೆಂದಿತು, ತಮ್ಮೆದುರು ಸುಳ್ಳೇಕೆ ಹೇಳಲಿ.

ಅವನು ಮುಳುಗಿ ಹಗ್ಗ ಬಿಚ್ಚಿ ತಂದ. ನಾನು ಅವನ ಬನಿಯನ್ನುಗಳನ್ನು ಒಣಹಾಕಿದೆ. ಅವು ಒಣಗುವ ಮೊದಲೇ, ಬೀಸಣಿಗೆಯ ಗಾಳಿಗೂ ಕಡಿಮೆಯಾದ ಗಾಳಿಗೆ, ಕೊಲ್ಲಿಯ ಸಮಸ್ತರ ಸಮಕ್ಷಮದಲ್ಲಿ ತಾವು ಗಂಭೀರವಾಗಿ ಜಾರಿದಿರಿ. ಎಲ್ಲರೂ ಲೋಟ ಎತ್ತಿದರು. ಡೆಲ್ಬರ್ಟ್ ಕೊಟ್ಟ ಮಾತಿನಂತೆ ಎಂಜಿನ್ ಚಾಲೂ ಮಾಡಿ ಮೂತಿಯನ್ನು ಉತ್ತರಕ್ಕೆ, ಮನೆಯ ಕಡೆಗೆ ತಿರುಗಿಸಿದ.

ಹೀಗಾಗಿ ತಮ್ಮ ನಿವೃತ್ತಿ ಸಮೀಪಿಸಿದೆ. ನಮ್ಮ ಹಿತ್ತಲಿನ ಆಲೂಗಡ್ಡೆ ಪಾತಿಯಲ್ಲಿ ತಮಗೆ ಜಾಗ ಕಾದಿರಿಸಿದ್ದೇನೆ, ಅಲ್ಲಿ ಎಷ್ಟು ಬೇಕಾದರೂ ಕಚ್ಚಿಕೊಳ್ಳಿ. ಹಿಂದಿನ ಕೋಣೆಯ ಬಾಗಿಲನ್ನು ಮನೆ ಮುಟ್ಟಿದ ದಿನವೇ ಕಳಚಿ ಇಡುವುದಾಗಿ ಡೆಲ್ಬರ್ಟನಿಗೆ ನಾನೇ ಮಾತು ಕೊಟ್ಟಿದ್ದೇನೆ. ಮಾತಂದ್ರೆ ಮಾತು.

ತಮ್ಮ ವಿಶ್ವಾಸಿ,
ವರ್ನಾ ಜ್ವಿಕರ್

ಮರೆತ ಮಾತು: ಬಾಗಿಲಿನ ಸ್ಕ್ರೂಗಳು ಮಾತ್ರ ನನ್ನ ಕಿಸೆಯಲ್ಲೇ ಇರುತ್ತವೆ. ಇದನ್ನು ತಾವೇ ಅವನಿಗೆ ತಿಳಿಸಬೇಕಾಗಿ ವಿನಂತಿ. ಹೇಗೂ ಅವನು ನನ್ನ ಮಾತಿಗಿಂತ ತಮ್ಮ ಮಾತನ್ನೇ ಹೆಚ್ಚು ಕೇಳುತ್ತಾನೆ.