ಹೆಗಲಿಳಿಯದ ರೇಷ್ಮೆ ಶಲ್ಯ

"ಇವತ್ತಿಂದ ಈ ಎಗಲ್ ಮ್ಯಾಲ ಹತ್ತಿ ಬಟ್ಟೆ ಬೀಳ್ಕೂಡ್ದು" ಎಂದು ಪುಟ್ಟಮಾದಯ್ಯ ನಡುಮನೆಯಲ್ಲಿ ನಿಂತು ಸಾರಿದ. ಸಾರಿದ್ದು ಲೋಕಕ್ಕೆ. ಕೇಳಿಸಿಕೊಂಡದ್ದು ಅಕ್ಕಿ ಆರಿಸುತ್ತಿದ್ದ ಹೆಂಡತಿ ಶಿವಲಕ್ಷ್ಮಿ, ಮತ್ತೆ ಮೊರದ ಪಕ್ಕ ನುಚ್ಚಿಗೆ ಕಾದಿದ್ದ ಒಂದು ಕೋಳಿ.

ಚಾಮರಾಜನಗರ ಜಿಲ್ಲೆಯಾದ ವರ್ಷವೇ ಪುಟ್ಟಮಾದಯ್ಯ ಕೆಲಸದಿಂದ ನಿವೃತ್ತನಾದ. ಗುಂಡ್ಲುಪೇಟೆಯ ಬೀದಿಬೀದಿಗೆ ನಲ್ಲಿ ನೀರು ಬಿಡುವ ನೀರುಗಂಟಿ ಅವನು. ಅವನು ವಾಲ್ವ್ ತಿರುಗಿಸದಿದ್ದರೆ ಸಾಹೇಬರ ಮನೆಯಲ್ಲೂ ಯಾರೂ ಮುಖ ತೊಳೆಯುವಂತಿರಲಿಲ್ಲ. ಅಷ್ಟು ದೊಡ್ಡ ಅಧಿಕಾರದಲ್ಲಿದ್ದವನ ಹೆಗಲ ಮೇಲೆ ಇದ್ದದ್ದು ಮಾತ್ರ ಸದಾ ಒದ್ದೆಯಾದ, ತುಕ್ಕಿನ ಕಲೆ ಹತ್ತಿದ ಟವಲು. ಬೀಳ್ಕೊಡುಗೆಯ ದಿನ ರೇಷ್ಮೆ ಶಲ್ಯ ಹೊದಿಸುತ್ತಾರೆಂದು ನಂಬಿ, ಎರಡು ಹೆಗಲಿಗೂ ಸೋಪು ಹಚ್ಚಿ ತೊಳೆದುಕೊಂಡು ಹೋಗಿದ್ದ. ಅವರು ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹೊತ್ತು ನೋಡುವ ಕೆಲಸವೇ ಮುಗಿದವನಿಗೆ ಗಡಿಯಾರ!

ಮಾರನೆಯ ದಿನವೇ ಅವನು ಅಬ್ದುಲ್ ಸತ್ತಾರ್ ಸಾಬರ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದ. ಸಾಬರು ಮೊದಲು ಹಸಿರು ಶಲ್ಯ ಬಿಚ್ಚಿದರು.

"ಇದ್ನ ಹಾಕಂಡ್ ಓದ್ರ ರೈತ ಸಂಘದವ್ರು ಲಾರಿ ಹತ್ಸಿ ಚಳವಳಿಗ ಕರ್ಕಂಡ್ ಓಯ್ತರ" ಎಂದ ಪುಟ್ಟಮಾದಯ್ಯ.

ಕಾವಿ ಬಿಚ್ಚಿದರು. "ನನ್ ಎಡ್ತಿ ಇನ್ನೂ ಬದ್ಕವಳ ಸಾಬ್ರೇ, ಮನೆ ಬುಟ್ಟಿಲ್ಲ ನಾನು."

ಕಡೆಗೆ ಒಪ್ಪಿಗೆಯಾದದ್ದು ಕೆನೆಬಣ್ಣದ್ದು. ಕೆಂಪು ಅಂಚು, ಅದರ ಮೇಲೆ ಬೆರಳಗಲ ಜರಿ.

"ಮಗಂದು ಶಾದಿನಾ ನೀರ್ ಮಾದಣ್ಣ?" ಎಂದು ಕೇಳಿದರು ಸಾಬರು.

"ಯಾಕ, ಶಾದಿ ಇಲ್ದಿದ್ರ ನಾನು ಚೆಂದಾಗಿ ಇರ್ಕೂಡ್ದಾ? ದಿನಾಲೂ ಹಾಕಕ್ಕ ಇದು."

ಸಾಬರು ಒಮ್ಮೆ ಶಲ್ಯವನ್ನೂ ಒಮ್ಮೆ ಅವನನ್ನೂ ನೋಡಿ, ಮಡಚಿ ಕೊಟ್ಟರು. ವ್ಯಾಪಾರಸ್ಥರು.

ಮನೆಯಲ್ಲಿ ಶಿವಲಕ್ಷ್ಮಿ ಅದರ ತುದಿ ಹಿಡಿದು ಉಜ್ಜಿ ನೋಡಿದಳು. "ಚೆಂದಾಗದ. ಬೆವ್ರು ಒರ್ಸುದ್ರ ಹೀರ್ಕತದಾ?"

"ಬೆವ್ರು ಒರ್ಸಕ್ಕಲ್ಲ ಕಣೆ, ಗೌರವಕ್ಕ. ಇನ್ಮೇಲ ಸಂತಗೂ ಇದೇ, ಸಾವ್ಗೂ ಇದೇ. ಯಾರ್ ಇಳ್ಸುದ್ರೂ ಈ ಎಗಲಿಂದ ಇದು ಇಳಿಯಲ್ಲ."

"ಇಳುದ್ರ?"

"ಇಳುದ್ರ, ಮಾರ್ನೆ ದಿನದಿಂದ ಕೊಟ್ಟಿಗೆ ಬಾಚೋದು ನಾನೇ."

ಶಿವಲಕ್ಷ್ಮಿ ಮೊರ ಕೆಳಗಿಟ್ಟಳು. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು. "ಮೀಯೋವಾಗ, ಮನಗೋವಾಗ ಮಾಫಿ" ಎಂದಳು. "ಮಿಕ್ಕಂತೆ ಈ ಕೋಳಿನೇ ಸಾಕ್ಷಿ."

ಅವನ ಹಠಕ್ಕೆ ಇನ್ನೊಂದು ಕಾರಣವೂ ಇತ್ತು. ಅವನು ಬಾಯಿಬಿಟ್ಟು ಹೇಳಲಿಲ್ಲ, ಶಿವಲಕ್ಷ್ಮಿಗೆ ಗೊತ್ತಿತ್ತು. ಅವನಪ್ಪ ಊರಿನ ದೊಡ್ಡವರ ಬೀದಿ ಬಂದೊಡನೆ ಹೆಗಲ ಟವಲು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಹಿಂದೆ ನಡೆಯುತ್ತಿದ್ದ ಮಗ ಅದನ್ನು ನೋಡುತ್ತಿದ್ದ.

ರೇಷ್ಮೆಯ ಗುಣವೇ ಜಾರುವುದು. ನಾಲ್ಕು ಹೆಜ್ಜೆಗೊಮ್ಮೆ ಶಲ್ಯ ಹೊರಡುತ್ತಿತ್ತು, ಪುಟ್ಟಮಾದಯ್ಯ ಎದೆಯ ಹತ್ತಿರ ಹಿಡಿದು ನಿಲ್ಲಿಸುತ್ತಿದ್ದ. ಎಡಗೈ ಎದೆ ಬಿಟ್ಟು ಇಳಿಯದಿರುವುದನ್ನು ಕಂಡು ದಾರಿಯಲ್ಲಿ ಒಬ್ಬೊಬ್ಬರೂ ನಿಲ್ಲಿಸಿದರು. "ಎದೆನೋವಾ ಮಾದಣ್ಣ? ತಡ ಮಾಡ್ಬ್ಯಾಡ, ಆಸ್ಪತ್ರೆಗ ಓಗು." ಮೂರನೆಯವನು ಇಂಥದೇ ನೋವಲ್ಲಿ ಸತ್ತ ತನ್ನ ಭಾವನ ಕಥೆಯನ್ನೂ ಹೇಳಿದ. ಮನೆಗೆ ಬಂದವನೇ ಹೆಂಡತಿಯ ಬಳೆಯಲ್ಲಿದ್ದ ಪಿನ್ನು ಕಿತ್ತು ಶಲ್ಯವನ್ನು ಅಂಗಿಗೆ ಚುಚ್ಚಿಕೊಂಡ.

ಊಟ ಮಾಡಿ ಕೈ ತೊಳೆದರೆ ಒರೆಸಲು ಪಂಚೆಯ ಒಳಮಗ್ಗುಲು. ಕಟ್ಟೆಯ ಧೂಳು ಝಾಡಿಸಲು ಅಂಗೈ. ಬಿಸಿಲಿಗೆ ತಲೆಗೆ ಸುತ್ತಲು ಏನೂ ಇಲ್ಲ. ಹಳೆಯ ಟವಲು ಎಷ್ಟು ಜನರ ಕೆಲಸ ಮಾಡುತ್ತಿತ್ತೆಂದು ಅದು ಹೋದ ಮೇಲೆ ತಿಳಿಯಿತು. ಆದರೂ ಅವನು ಸೋಲಲಿಲ್ಲ.

ಅಂಥ ಒಂದು ಬೆಳಿಗ್ಗೆ, ಹಿತ್ತಲಲ್ಲಿ ನೆಡಲು ಬಾಳೆಕಂದು ಬೇಕೆಂದು ಅವನು ಹರವೆಗೆ ಹೊರಟ. ಅಲ್ಲಿ ದೊಡ್ಡಮಾದಯ್ಯ ಎಂಬವನ ತೋಟದ ಕಂದು ಒಳ್ಳೆಯದೆಂದು ಯಾರೋ ಹೇಳಿದ್ದರು. ಬಸ್ಸು ಬಂದು ನಿಂತಿತು. ಜನರೆಲ್ಲ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದರು. ಪುಟ್ಟಮಾದಯ್ಯನ ಕೈ ಅಭ್ಯಾಸಬಲದಿಂದ ಹೆಗಲಿಗೆ ಹೋಗಿ, ಪಿನ್ನು ತಾಗಿ, ವಾಪಸು ಬಂತು. ಕಂಬಿ ಹಿಡಿದು ಹರವೆಯವರೆಗೂ ನಿಂತೇ ಹೋದ.

ಅಲ್ಲಿ ಟೀ ಅಂಗಡಿಯವನು ಶಲ್ಯವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಯಾವೂರಣ್ಣ?"

"ಗುಂಡ್ಲುಪೇಟ. ದೊಡ್ಮಾದಯ್ಯನ್ ಮನ ಯಾವ್ದು?"

"ತೋರಿಸ್ತೀನಿ, ಟೀ ಕುಡಿ. ಮಕ್ಳೆಷ್ಟು?"

"ಒಬ್ನೇ ಮಗ, ಸಿದ್ದಾರ್ಥ ಅಂತ. ಚಾಮ್ರಾಜ್‌ನಗರದಲ್ಲಿ ಮೇಷ್ಟ್ರು."

"ಮದ್ವ?"

"ಇನ್ನೂ ಇಲ್ಲ."

ಟೀ ಅಂಗಡಿಯವನು ಲೋಟ ತೊಳೆಯುವ ಹುಡುಗನ ಕಿವಿಯಲ್ಲಿ ಏನೋ ಹೇಳಿ ಮುಂದಾಗಿ ಓಡಿಸಿದ. ಕಾಸು ಮುಟ್ಟಲಿಲ್ಲ. "ಇಂಥ ದಿನ ನಿನ್ತಾವ ಕಾಸಾ? ನಡಿ" ಎಂದ. ನೋಡು ರೇಷ್ಮೆಯ ಮಹಿಮೆ, ಎಂದುಕೊಂಡ ಪುಟ್ಟಮಾದಯ್ಯ. ಹತ್ತಿ ಟವಲಿಗೆ ಯಾರು ಪುಕ್ಕಟೆ ಟೀ ಕೊಟ್ಟಾರು?

ದೊಡ್ಡಮಾದಯ್ಯನ ಬಾಗಿಲಲ್ಲಿ ಕಾಲಿಗೆ ನೀರು ಸಿದ್ಧವಿತ್ತು. ಒಳಗೆ ಹೊಸ ಚಾಪೆ. ಕೂತ ಕೂಡಲೇ ಮನೆಯೊಡತಿ ಮಲ್ಲಮ್ಮ ಬಿಸಿ ಉಪ್ಪಿಟ್ಟು ತಂದಿಟ್ಟಳು. ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ಗೋಡೆಗೊರಗಿ ಕೂತರು. ಬಾಳೆಕಂದಿನ ಮಾತೆತ್ತಲು ಹೋದರೆ, "ಮೊದ್ಲು ತಿನ್ನಿ, ಮಾತು ಇದ್ದದ್ದೇ" ಎಂದ ದೊಡ್ಡಮಾದಯ್ಯ. ಪುಟ್ಟಮಾದಯ್ಯ ಎದೆಯುಬ್ಬಿಸಿ ಎರಡನೆಯ ಸಲವೂ ಹಾಕಿಸಿಕೊಂಡ. ಹತ್ತು ಕಂದು ಕೇಳಲು ಬಂದವನಿಗೆ ಇಷ್ಟು ಮರ್ಯಾದೆ!

ಆಗ ಒಳಗಿನಿಂದ ಜಡೆ ತುಂಬ ಮಲ್ಲಿಗೆ ಮುಡಿದ ಹುಡುಗಿ ತಲೆ ತಗ್ಗಿಸಿ ಕಾಫಿ ತಂದಳು.

"ನಮ್ ಭಾನು" ಎಂದಳು ಮಲ್ಲಮ್ಮ. "ಟೈಲರಿಂಗ್ ಮಾಡ್ತಳ. ನಿಮ್ಮ ಮೇಷ್ಟ್ರು ಹುಡ್ಗುಂಗ ಜೋಡಿ ಚೆನ್ನಾಗದ."

ಪುಟ್ಟಮಾದಯ್ಯ ತನ್ನ ಮೈಮೇಲಿದ್ದದ್ದನ್ನು ತಾನೇ ನೋಡಿಕೊಂಡ. ಬಿಳಿ ಪಂಚೆ, ಕೆನೆಬಣ್ಣದ ಕೆಂಪಂಚಿನ ಶಲ್ಯ. ಆ ಸೀಮೆಯಲ್ಲಿ ಆ ವೇಷದಲ್ಲಿ ಪರವೂರಿನ ಹೊಸಿಲು ತುಳಿಯುವುದು ಹೆಣ್ಣು ಕೇಳಲು ಬರುವ ಬೀಗರು ಮಾತ್ರ. ಸತ್ತಾರ್ ಸಾಬರು ಕೇಳಿದ್ದು ಈಗ ಅರ್ಥವಾಯಿತು.

"ಓದ್ಸಲ ಬಂದಿದ್ದವ್ರು ಕಾಫಿ ಕುಡ್ದು ಓದ್ರು, ಒಂದು ಮಾತೂ ಏಳ್ಲಿಲ್ಲ" ಎಂದ ದೊಡ್ಡಮಾದಯ್ಯ ಮೆಲ್ಲಗೆ. ನೆರೆಯವರೆಲ್ಲ ನೋಡುತ್ತಿದ್ದರು. ಇವರೆದುರು 'ನಾನು ಬಾಳೆಕಂದಿಗೆ ಬಂದೆ' ಎನ್ನುವುದು ಹೇಗೆ?

ಪುಟ್ಟಮಾದಯ್ಯನ ಹಣೆಯಿಂದ ಬೆವರು ಹರಿಯಿತು. ಶಲ್ಯದ ತುದಿಯಿಂದ ಒರೆಸಿದ. ರೇಷ್ಮೆ ಅದನ್ನು ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಕೆನ್ನೆಗೆ ಸಾಗಿಸಿತೇ ಹೊರತು ಹೀರಲಿಲ್ಲ. ಭಾನು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಒಗೆದ ಹತ್ತಿ ಟವಲು ತಂದು ಅವನ ಮುಂದೆ ಹಿಡಿದಳು.

"ಇದ್ರಲ್ಲಿ ಒರುಸ್ಕಳಿ. ಅದು ನೋಡಕ್ಕ ಅಷ್ಟೇಯ."

ಟವಲಿನಲ್ಲಿ ಮುಖ ಮುಚ್ಚಿಕೊಂಡು ಪುಟ್ಟಮಾದಯ್ಯ ಆನಂದದಿಂದ ಒಂದು ಉಸಿರು ಬಿಟ್ಟ. ಮುಖ ಹೊರಗೆ ಬಂದಾಗ ತೀರ್ಮಾನವೂ ಆಗಿತ್ತು. "ಭಾನ್ವಾರ ಎಡ್ತಿ ಮಗುನ್ ಕರ್ಕಂಡ್ ಬತ್ತೀನಿ" ಎಂದ.

ಬರಿಗೈಯಲ್ಲಿ ಬಂದ ಗಂಡನನ್ನು ಶಿವಲಕ್ಷ್ಮಿ ಕೇಳಿದಳು: "ಕಂದು ಎಲ್ಲಿ?"

"ಕಂದು ಬುಡು. ಸೊಸೆ ನೋಡ್ಕಂಡ್ ಬಂದೆ."

ನಡೆದದ್ದನ್ನೆಲ್ಲ ಕೇಳಿ ಅವಳು ನಕ್ಕು ನಕ್ಕು ಒಲೆಯ ಮುಂದೆಯೇ ಕೂತುಬಿಟ್ಟಳು. ಟವಲಿನ ಸಂಗತಿ ಬಂದಾಗ ಮಾತ್ರ ನಗು ನಿಲ್ಲಿಸಿ, "ಆ ಹುಡ್ಗಿ ನಂಗ ಬೇಕು" ಎಂದಳು.

ಭಾನುವಾರ ಸಿದ್ದಾರ್ಥ ಭಾನುವಿನ ಜೊತೆ ಹಿತ್ತಲಲ್ಲಿ ಮಾತಾಡಿ ಬಂದು, ಅಪ್ಪನ ಕಡೆ ತಲೆಯಾಡಿಸಿದ. ಅವಳೂ ಅವ್ವನ ಕಿವಿಯಲ್ಲಿ ಒಪ್ಪಿಗೆ ಹೇಳಿದಳು. ಎಲೆ, ಅಡಿಕೆ, ಕಾಯಿ, ಹೂವು, ಸೀರೆ ಎಲ್ಲವೂ ಶಿವಲಕ್ಷ್ಮಿಯ ಚೀಲದಿಂದ ಒಂದೊಂದಾಗಿ ತಟ್ಟೆಗೆ ಬಂದವು.

"ಬೀಗುರ್ಗ ಶಲ್ಯ ಎಲ್ಲವ್ವ?" ಎಂದಳು ಮೂಲೆಯಲ್ಲಿದ್ದ ಮುದುಕಿ ಬಸವಮ್ಮ. ಮಾತು ಮುಗಿದ ಮೇಲೆ ಗಂಡಿನ ಅಪ್ಪ ಹೆಣ್ಣಿನ ಅಪ್ಪನ ಹೆಗಲಿಗೆ ಶಲ್ಯ ಹಾಕಬೇಕು. ಅದು ಅವರ ವಾಡಿಕೆ.

"ಅಯ್ಯೋ, ಮರ್ತೇಬುಟ್ಟೆ" ಎಂದಳು ಶಿವಲಕ್ಷ್ಮಿ.

ಮನೆಯಲ್ಲಿದ್ದ ಕಣ್ಣೆಲ್ಲ ಪುಟ್ಟಮಾದಯ್ಯನ ಹೆಗಲಿಗೆ ಬಂದವು. ಅವನ ಎಡಗೈ ತಾನಾಗಿಯೇ ಎದೆಗೆ ಹೋಯಿತು.

"ಎದೆನೋವಾ?" ಎನ್ನುತ್ತ ಶಿವಲಕ್ಷ್ಮಿ ಹತ್ತಿರ ಬಂದು ಪಿನ್ನು ಬಿಚ್ಚಿದಳು. ಅಂಗಿಯ ಒಂದು ಎಳೆ ಪಿನ್ನಿನ ಜೊತೆಯೇ ಬಂತು. ದೊಡ್ಡಮಾದಯ್ಯ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು, ಹೆಗಲು ಬಾಗಿಸಿ ನಿಂತಿದ್ದ. ಅವನ ಹೆಗಲ ಮೇಲೂ ಈವರೆಗೆ ರೇಷ್ಮೆ ಬಿದ್ದಂತಿರಲಿಲ್ಲ. ಪುಟ್ಟಮಾದಯ್ಯ ಒಂದು ಕ್ಷಣ ನೋಡಿದ. ಆಮೇಲೆ ತಾನೇ ಎರಡು ಕೈಯಿಂದ ಶಲ್ಯ ಹೊದಿಸಿ, ಅಂಚು ಕಾಣುವಂತೆ ಸರಿಮಾಡಿ, "ನೆಟ್ಗ ನಿಂತ್ಕ ಬೀಗ, ಜಾರ್ತದ" ಎಂದ.

ದೊಡ್ಡಮಾದಯ್ಯ ಪ್ರತಿಯಾಗಿ ಒಂದು ಹೊಸ ಟವಲು ಹೊದಿಸಿದ. ಹತ್ತಿಯದು.

ವಾಪಸು ಹೊರಟಾಗ ಆ ಟವಲು ಕಿಟಕಿಯಿಂದ ಒಳಗೆ ಹಾರಿ ಇಬ್ಬರಿಗೆ ಸೀಟು ಹಿಡಿಯಿತು. ಸಿದ್ದಾರ್ಥ ಚಾಮರಾಜನಗರದ ಬಸ್ಸು ಹತ್ತಿದ. ಟಿಕೆಟ್ಟಿಗೆ ಚಿಲ್ಲರೆ ಹುಡುಕಲು ಪುಟ್ಟಮಾದಯ್ಯ ಹೆಂಡತಿಯ ಚೀಲಕ್ಕೆ ಕೈಹಾಕಿದರೆ, ತಳದಲ್ಲಿ ಸತ್ತಾರ್ ಸಾಬರ ಅಂಗಡಿಯ ಪೊಟ್ಟಣ. ಒಳಗೆ ಕೆನೆಬಣ್ಣದ, ಕೆಂಪಂಚಿನ ಹೊಸ ಶಲ್ಯ.

"ಮರ್ತೆ ಅಂದಲ್ಲ?"

"ಅದು ಮದ್ವ ದಿನಕ್ಕ, ನಿಮ್ಗೇ" ಎಂದಳು ಶಿವಲಕ್ಷ್ಮಿ, ಕಿಟಕಿಯ ಹೊರಗೆ ನೋಡುತ್ತ. "ಅಲ್ಲಿಗಂಟ ಹತ್ತಿದೇ ಇರ್ಲಿ. ನಾಳೆಯಿಂದ ಬೆಳಿಗ್ಗೆ ಬೆಳಿಗ್ಗೆನೇ ರೇಷ್ಮೆ ಹಾಕ್ಕಂಡು ಕೊಟ್ಟಿಗೆ ಬಾಚಕ್ಕಾದದಾ?"