ಮೀಸೆಯ ಆಯಾ

ಕೆಲವರಿಗೆ ಊರು ಬದಲಾದ್ರೆ ನೆಗಡಿ ಹಿಡೀತದೆ. ನನಗೆ ಎಲ್ಲಿ ಹೋದ್ರೂ ಇಂಥದ್ದೊಂದು ಪ್ರಸಂಗ ಹಿಡೀತದೆ. ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ಮದ್ರಾಸಿನ ಪ್ಯಾರೀಸ್ ಕಾರ್ನರಲ್ಲಿ ಒಂದು ಉಡುಪಿ ಹೋಟೆಲಲ್ಲಿ ನಾನು ತಿಂಡಿ ಕೊಡುವ ಸಪ್ಲಾಯರ್. ಧಣಿಗಳು ಹೋಟೆಲ್ ಮುಚ್ಚಿ ಊರಿಗೆ ಹೋದ್ರು. ಆಮೇಲೆ ನನಗೆ ಸಿಕ್ಕಿದ ಕೆಲಸ ಎಂತದ್ದು ಗೊತ್ತುಂಟಾ? ಆಯಾ! ಹೌದು ಮಾರಾಯ್ರೆ, ಮೀಸೆ ಇರುವ ಆಯಾ.

೧. ಇಂಟರ್‌ವ್ಯೂ

ನುಂಗಂಬಾಕ್ಕಂನಲ್ಲಿ ಹುಬ್ಬಳ್ಳಿ ಕಡೆಯ ವಕೀಲರ ಮನೆ. ಮೂರು ಮಕ್ಕಳು. ಏಳು ಆಯಾಗಳು ಓಡಿಹೋಗಿದ್ರು. ಏಳನೆಯವಳು ನಿಂತದ್ದು ಸಮುದ್ರ ಅಡ್ಡ ಬಂದ ಮೇಲೆ. ಅಷ್ಟರಲ್ಲಿ ವಕೀಲರ ಹೆಂಡತಿ ಮೌಂಟ್ ರೋಡಲ್ಲಿ ಒಂದು ಇಂಗ್ಲಿಷ್ ಕಾಮಿಡಿ ಸಿನಿಮಾ ನೋಡಿ ಬಂದ್ರು. ಅದರಲ್ಲಿ ಕೋಟು ಹಾಕಿದ ಗಂಡಸೊಬ್ಬ ಮನೆಯಲ್ಲೇ ಉಳಿದು ಮಕ್ಕಳನ್ನ ನೋಡ್ಕೊಳ್ತಾನಂತೆ. ನಮಗೂ ಗಂಡಸೇ ಬೇಕು ಅಂತ ಅವರ ಹಟ.

"ತಿಂಗಳ ಕೊನಿಗೆ ನಮ್ಮ ಅತ್ತಿಯವರು ಬರ್ತಾರ್ರಿ ಭಟ್ರ," ಅಂದ್ರು ಕಣ್ಣೊರೆಸಿಕೊಂಡು. "ಹುಡುಗ್ರು ಹಿಂಗ ಇದ್ರ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ತೀನಿ ಅಂದಾರ. ನಿಮಗ ಮಕ್ಕಳನ್ನ ನೋಡ್ಕೊಂಡು ರೂಢಿ ಐತೇನ್ರಿ?"

"ಅಮ್ಮ, ಕೋರ್ಟು ಬಿಟ್ಟಾಗ ಹಸಿದ ನಾನೂರು ಗುಮಾಸ್ತರನ್ನ ಒಬ್ಬನೇ ನೋಡಿಕೊಂಡವ ನಾನು!"

ಒಳಗಿಂದ ವಕೀಲರು ಕೂಗಿದ್ರು: "ನಮ್ಮ ಗುಮಾಸ್ತನೂ ಇವ್ರ ಹೋಟೆಲಿನಾಗ ಉಣ್ತಿದ್ದ. ಇವ್ರನ್ನ ಬಿಡಬ್ಯಾಡ!"

೨. ಉಪ್ಪಿಟ್ಟು ಖಾಲಿ

ತಟ್ಟೆ ಕಂಡ್ರೆ ಸಾಕು, ಮಕ್ಕಳು "ವೇಂಡಾಂ!" ಅಂತ ತಮಿಳಲ್ಲೇ ಬೇಡ ಅಂತಿದ್ವು. ನಾನು ಹೆಗಲಿಗೆ ಬಟ್ಟೆ ಹಾಕಿ, ಒಂದೇ ಉಸಿರಿಗೆ ನಲವತ್ತು ತಿಂಡಿ ಹೇಳಿ, ಕೊನೆಗೆ "ಉಪ್ಪಿಟ್ಟು ಮಾತ್ರ ಖಾಲಿ!" ಅಂತ ಕೂಗಿದೆ. ರಾಯಪುರಂ ಬಂದರಿನ ಕಡೆ ಒಂದು ಹಡಗು ನನ್ನ ಕೂಗಿಗೆ ಉತ್ತರವಾಗಿ ಹಾರನ್ ಹೊಡೆಯಿತು.

ಹೋಟೆಲಲ್ಲಿ ನಾನು ಕಂಡದ್ದು ಇಷ್ಟೇ: ಖಾಲಿ ಅಂದದ್ದೇ ಗಿರಾಕಿಗೆ ಬೇಕು. ಮೂರೂ ಮಕ್ಕಳು ಉಪ್ಪಿಟ್ಟು ಬೇಕು ಅಂತ ಅಳಲಿಕ್ಕೆ ಶುರು. "ಒಳಗೆ ಕೇಳಿ ನೋಡ್ತೇನೆ, ಬೇರೆ ಟೇಬಲಿಗೆ ಹೇಳ್ಬೇಡಿ" ಅಂದೆ. ಉಪ್ಪಿಟ್ಟು ತಂದಿಟ್ಟದ್ದೇ ನೆಕ್ಕಿ ಬಿಟ್ವು, ತಟ್ಟೆ ತೊಳೆಯುವ ಕೆಲಸವೇ ಉಳೀಲಿಲ್ಲ.

ಪೇಪರಿನ ಹಿಂದಿನಿಂದ ವಕೀಲರು ಪಿಸುಗುಟ್ಟಿದ್ರು: "ಭಟ್ರ, ಹೆಂಗರ ಮಾಡಿ ನನಗೂ ಒಂದು ಪ್ಲೇಟ್..."

೩. ಅಜ್ಜಿ ಕೂತ ಕುರ್ಚಿ

ತಿಂಗಳಿಡೀ ನಮ್ಮ ಆಟ ಹೋಟೆಲಿನದ್ದೇ. ಅಜ್ಜಿ ಬಂದು ಊಟಕ್ಕೆ ಕೂತದ್ದೇ ತಡ, ಒಂದು ಮಗು ಎಲೆ ಹಾಕಿತು, ಒಂದು ನೀರಿಟ್ಟಿತು, ಒಂದು "ಅಜ್ಜಿಗೆ ಎಂತ ಬೇಕು?" ಅಂತ ಕೇಳಿತು. ಮುದುಕಿ ಕರಗಿಹೋದ್ರು. ಸೊಸೆ ನನಗೆ ಅಲ್ಲಿಂದಲೇ ಕೈಮುಗಿದ್ರು.

ಊಟ ಮುಗೀತು. ಅಜ್ಜಿ ಏಳಲಿಲ್ಲ. ಹುಬ್ಬಳ್ಳಿಯ ಬೀಗರ ಕಥೆ ಶುರು ಮಾಡಿದ್ರು.

ಹೋಟೆಲಲ್ಲಿ ತಿಂದಾದ ಮೇಲೂ ಕೂತವರನ್ನ ಎಬ್ಬಿಸಲಿಕ್ಕೆ ಒಂದು ಉಪಾಯ ಉಂಟು. ಅದನ್ನೂ ಕಲಿಸಿದ್ದೆ, ನನ್ನ ಗ್ರಹಚಾರ! ದೊಡ್ಡವಳು ಅಜ್ಜಿಯ ಮೂಗಿನಡಿ ಒದ್ದೆ ಬಟ್ಟೆಯಿಂದ ಟೇಬಲ್ ಒರೆಸಿದಳು. ನಡುವಿನವ ಕುರ್ಚಿಯ ಬೆನ್ನು ಹಿಡಿದು, ಸೀಟಿಗೆ ಕಾಯುವ ಗಿರಾಕಿಯ ಹಾಗೆ ಉಸಿರು ಬಿಟ್ಟ. ಸಣ್ಣವಳು ಮುಂದೆ ಬಂದು ನನ್ನದೇ ಸ್ವರದಲ್ಲಿ ಹೇಳಿದಳು: "ಆಯ್ತಲ್ಲ? ಏಳಿ ಮಾರಾಯ್ರೆ, ಹಿಂದೆ ಜನ ಕಾಯ್ತಾ ಉಂಟು!"

ಸೊಸೆಯ ಮುಖ ಸುಣ್ಣ ಬಳಿದ ಹಾಗಾಯ್ತು. ನಾನು ಟ್ರಂಕು ಎಲ್ಲಿಟ್ಟಿದ್ದೆ ಅಂತ ನೆನಪು ಮಾಡ್ಕೊಂಡೆ.

ಅಜ್ಜಿ ನಿಧಾನಕ್ಕೆ ಎದ್ರು. ಮೂರೂ ಮಕ್ಕಳನ್ನ ನೋಡಿದ್ರು, ನನ್ನನ್ನ ನೋಡಿದ್ರು.

"ಹುಡುಗ್ರಿಗೆ ಇದನ್ನ ಕಲಿಸಿದವ್ರು ನೀವೇನು?"

"ಹೌದಮ್ಮ," ಅಂದೆ.

ಅಜ್ಜಿ ಸೊಸೆ ಕಡೆ ತಿರುಗಿದ್ರು: "ಹುಡುಗ್ರು ನಿನ್ನ ಹತ್ರನ ಇರ್ಲಿ ತಂಗಿ. ಈ ಭಟ್ಟರನ್ನ ನನ್ನ ಜೋಡಿ ಕಳಸು. ನಮ್ಮ ಮನಿಗೆ ಉಣ್ಣಾಕ ಬಂದ ಮಂದಿ ಸಂಜಿತನಕ ಏಳಂಗಿಲ್ಲ!"