ಮಾವ್ಶಿ, ಮುಂಬೈ ಆಂಟಿ ಮತ್ತು ಶನಿವಾರದ ಲಿಫ್ಟ್

ನಮ್ಮ ಮಾವ್ಶಿಗೆ ಸ್ವರ್ಗದಲ್ಲಿ ಸೀಟು ಖಾತ್ರಿ. ಅದರಲ್ಲಿ ನನಗೆ ಸಂಶಯವಿಲ್ಲ, ಅವರಿಗಂತೂ ಮೊದಲೇ ಇಲ್ಲ. ತೊಂದರೆ ಏನೆಂದರೆ, ಅವರು ಒಬ್ಬರೇ ಹೋಗಲು ಒಪ್ಪುವುದಿಲ್ಲ!

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ, ತಾಯಿಯ ತಂಗಿ. ಇಲ್ಲೇ ಗಲ್ಫಿನಲ್ಲಿ, ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಬಹುಕಾಲ ನರ್ಸ್ ಆಗಿದ್ದು ನಿವೃತ್ತರಾಗಿ, ಈಗ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ತರಕಾರಿ ತರುವುದಕ್ಕೂ ಅವರಿಗೆ ಜೊತೆ ಬೇಕು. ಚರ್ಚಿಗೆ ಹೊರಟ ನನ್ನ ಕಾರಿನಲ್ಲಿ ಒಂದು ಸೀಟು ಖಾಲಿ ಉಳಿದರೆ ಅವರಿಗೆ ಸಂಕಟ. ಬಸ್‌ಸ್ಟಾಪಿನಲ್ಲಿ ಬಿಸಿಲಿಗೆ ನಿಂತವರನ್ನು ಕರೆದು ಕೂರಿಸುತ್ತಾರೆ. ಒಮ್ಮೆ ಒಬ್ಬ ಪಠಾಣ ಮೇಸ್ತ್ರಿ ಹಿಂದಿನ ಸೀಟಿನಲ್ಲಿ, ಮಾವ್ಶಿಯ ಜಪಸರ ಮುಗಿಯುವವರೆಗೂ ತಲೆ ತಗ್ಗಿಸಿ ಕುಳಿತಿದ್ದು, ಮೆಟ್ರೋ ಬಳಿ ಇಳಿದು, ಹರಸಿ ಹೋದ.

ಇಂಥವರನ್ನು ಕಟ್ಟಿಕೊಂಡು ಈ ದೇಶದಲ್ಲಿ ಬದುಕುವುದು ಹೇಗೆ, ನೀವೇ ಹೇಳಿ. ಇಲ್ಲಿ ನಮ್ಮ ಚರ್ಚಿಗೆ ನಾವು ಧಾರಾಳವಾಗಿ ಹೋಗಬಹುದು. ಅದಕ್ಕೆ ನಾನು ದಿನವೂ ಕೃತಜ್ಞ. ಆದರೆ ಇನ್ನೊಬ್ಬರನ್ನು ನಮ್ಮ ಕಡೆಗೆ ಎಳೆಯಲು ಹೋದರೆ ಕಾನೂನು ಬಿಡುವುದಿಲ್ಲ.

"ಮಾವ್ಶಿ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ವೀಸಾ ಖಲಾಸ್."

"ನಾನೆಂತ ಪ್ರಚಾರ ಮಾಡಿದ್ದು ಮಾರಾಯ? ಬಾಯಿ ನನ್ನದು, ಜಪ ನನ್ನದು. ಕಿವಿ ಅವನದ್ದು. ಬೇಡದಿದ್ರೆ ಮುಚ್ಕೊಳ್ಬಹುದಿತ್ತು."

ಹೀಗಿರುವಾಗ ಅವರ ಮೇಲಿನ ಮಹಡಿಗೆ ಮುಂಬೈ ಆಂಟಿ ಬಂದರು. ಮಗನ ಜೊತೆ ಇರಲು ಬಂದ ವಿಧವೆ. ಸೀರೆ, ಮರಾಠಿ ಮಾತು, ಮೀನಿನ ಸಾರಿಗೆ ತೆಂಗಿನ ಹಾಲು. ಮಾವ್ಶಿ ತಮ್ಮ ಕೊಂಕಣಿಯಲ್ಲಿ, ಅವರು ತಮ್ಮ ಮರಾಠಿಯಲ್ಲಿ ಮಾತಾಡುತ್ತಿದ್ದರು. ಸಾಲದೆ ಬಂದಲ್ಲಿ ಹಿಂದಿ. ಇದಿಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಒಂದು ದಿನ ಮಾವ್ಶಿ ನನಗೆ ಫೋನು ಮಾಡಿ, ಯಾರೋ ಕದ್ದು ಕೇಳುತ್ತಿದ್ದಾರೆಂಬಂತೆ ಪಿಸುಗುಟ್ಟಿದರು.

"ಮೇಲಿನ ಅಕ್ಕ ಯಹೂದಿ ಮಾರಾಯ. ತಲೆತಲಾಂತರದಿಂದ ಅಲ್ಲೇ ಕೊಂಕಣ ಕರಾವಳಿಯಲ್ಲಿ ಇದ್ದವರಂತೆ. ಮೋಶೆ, ದಾವೀದ, ಎಲ್ಲ ಅವರ ಸಂಬಂಧಿಕರು. ಬೈಬಲಿನಿಂದ ಎದ್ದು ಬಂದು ನಮ್ಮ ಮೇಲೆ ಬಾಡಿಗೆಗೆ ಇದ್ದಾರೆ!"

ಅಂದಿನಿಂದ ಮಾವ್ಶಿಗೆ ನಿದ್ದೆ ಇಲ್ಲ. ಯಹೂದಿಗಳೆಂದರೆ ಲೋಕರಕ್ಷಕ ಮೆಸ್ಸೀಯ ಬರುತ್ತಾನೆಂದು ಇಂದಿಗೂ ಕಾಯುವ ಜನ. ಅವನು ಯೇಸುವಾಗಿ ಬಂದು ಹೋದ ವಿಷಯ ತನಗೆ ಗೊತ್ತು. ಅಕ್ಕನಿಗೆ ಹೇಳದೆ ಇರುವುದು ಹೇಗೆ? ಹೇಳಿ ಅವರು ಮುಖ ತಿರುಗಿಸಿದರೆ? ಮಾವ್ಶಿಗೆ ಜ್ವರ ಬಂದಾಗ, ಮಗಳು ಆಫೀಸಿಗೆ ಹೋದ ಮೇಲೆ, ನೋಯುವ ಮೊಣಕಾಲಿನಲ್ಲೇ ಕೆಳಗೆ ಗಂಜಿ ತಂದು ಕುಡಿಸಿದವರು ಆ ಆಂಟಿ. ಈ ಊರಿನಲ್ಲಿ ಪಕ್ಕದ ಮನೆಯವರ ಮುಖ ನೋಡದೆಯೇ ವರ್ಷಗಳು ಕಳೆಯುತ್ತವೆ. ಇಂಥ ಗೆಳತಿ ಎಲ್ಲಿ ಸಿಗಬೇಕು?

ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ರಾಸ್ ಅಲ್ ಖೋರ್‌ನಲ್ಲಿ ಹಳೆ ಕಾರುಗಳ ಬಿಡಿಭಾಗ ಮಾರಿ ಮೇಲೆ ಬಂದವನು ನಾನು. ತುಕ್ಕು ಹಿಡಿದ ಬಂಪರನ್ನೂ ಗಿರಾಕಿ ಎದೆಗಪ್ಪಿಕೊಂಡು ಹೋಗುವಂತೆ ಮಾರಿದ್ದೇನೆ.

"ನೋಡಿ ಮಾವ್ಶಿ, ಗಿರಾಕಿ ಕೇಳುವ ಮೊದಲು ಸಾಮಾನು ತೋರಿಸ್ಬಾರ್ದು. ಚಾಯ್ ಕೊಡ್ಬೇಕು, ಊರ ಸುದ್ದಿ ಮಾತಾಡ್ಬೇಕು, ಸಾಮಾನು ಕಣ್ಣಿಗೆ ಬೀಳೋ ಹಾಗೆ ಇಟ್ಟು ಸುಮ್ಮನಿರ್ಬೇಕು."

ಮಾವ್ಶಿ ನನ್ನ ಸಲಹೆಯಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ತೆಗೆದುಕೊಂಡರು. ಕಣ್ಣಿಗೆ ಬೀಳಬೇಕು ತಾನೆ? ಕತ್ತಲಲ್ಲಿ ಹಸಿರಾಗಿ ಹೊಳೆಯುವ ಮಾತೆ ಮರಿಯಮ್ಮನ ಪ್ಲಾಸ್ಟಿಕ್ ಪ್ರತಿಮೆಯೊಂದನ್ನು ಕಾಗದದಲ್ಲಿ ಸುತ್ತಿ, ಮೇಲೆ ಹೋಗಿ ಆಂಟಿಗೆ ಕೊಟ್ಟರು. ಯಹೂದಿಯ ಮನೆಗೆ ಪ್ರತಿಮೆ! ಆಗ ನಾನು ಅಲ್ಲೇ ಇದ್ದೆ, ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಆಂಟಿ ಬಿಚ್ಚಿ ನೋಡಿ ನಕ್ಕರು. "ಸಿಸ್ಟರ್, ನಮ್ಮಲ್ಲಿ ಮೂರ್ತಿ ಇಡೋ ಹಾಗಿಲ್ಲ."

"ಗೊತ್ತುಂಟು. ಆದ್ರೆ ಇವಳು ಹೊರಗಿನವಳಲ್ಲ ಅಕ್ಕ. ಇವಳೂ ಯಹೂದಿ, ನಿಮ್ಮ ಕಡೆಯ ಹುಡುಗಿಯೇ."

"ನಮ್ಮ ಹುಡುಗಿಯಾದ್ರೆ ಅವಳಿಗೂ ಗೊತ್ತಿರುತ್ತೆ, ಮನೆಯಲ್ಲಿ ಮೂರ್ತಿ ಇಡಲ್ಲ ಅಂತ. ಬೇಕಾದ್ರೆ ಅವಳನ್ನೇ ಕೇಳು."

ವ್ಯಾಪಾರದಲ್ಲಿ ಇಂಥ ಉತ್ತರ ಕೊಡುವ ಒಬ್ಬರನ್ನು ನನ್ನ ಅಂಗಡಿಗೆ ಇಟ್ಟುಕೊಳ್ಳಲು ನಾನು ಎಷ್ಟು ಸಂಬಳವನ್ನಾದರೂ ಕೊಟ್ಟೇನು. ಮಾವ್ಶಿ ಪ್ರತಿಮೆಯನ್ನು ಮತ್ತೆ ಸುತ್ತಿಕೊಂಡು ಬಂದರು. ಇಡೀ ದಾರಿ, ಅಂದರೆ ಒಂದು ಮಹಡಿ, ಅದನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು.

ಪಾದ್ರಿಗಳನ್ನು ಕೇಳಿದರು. ದೇವರು ಯಹೂದಿಗಳಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ನೀವು ನಿಮ್ಮ ನಂಬಿಕೆಯಂತೆ ಒಳ್ಳೆಯವರಾಗಿ ಬಾಳಿ, ಅವರಾಗಿ ಕೇಳಿದರೆ ಪ್ರೀತಿಯಿಂದ ಹೇಳಿ, ಎಂದರು ಫಾದರ್. "ಪಾಪ, ಫಾದರಿಗೆ ಪ್ರಾಯ ಕಡಿಮೆ" ಎಂದು ಮಾವ್ಶಿ ಅದನ್ನು ಅಲ್ಲಿಗೇ ಬಿಟ್ಟರು.

ಆದರೆ ಶನಿವಾರಗಳ ಕಥೆ ಬೇರೆ. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ. ಆಂಟಿ ಅಂದು ದೀಪದ ಸ್ವಿಚ್ ಮುಟ್ಟುವುದಿಲ್ಲ, ಲಿಫ್ಟಿನ ಬಟನ್ ಒತ್ತುವುದಿಲ್ಲ. ಇನ್ನೊಬ್ಬರಿಗೆ "ಒತ್ತಿಕೊಡಿ" ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಮೆಟ್ಟಿಲಿಳಿಯಲು ಮೊಣಕಾಲು ಬಿಡದು. ಕೆಳಗಿನ ತೋಟದ ಬೆಂಚಿನಲ್ಲಿ ಕೂರುವ ಆಸೆಯೂ ಬಿಡದು. ಒಂದು ಶನಿವಾರ ಬೆಳಿಗ್ಗೆ ಅವರು ಲಿಫ್ಟಿನ ಮುಂದೆ ನಿಂತು "ಇವತ್ತು ಹೊರಗೆ ಗಾಳಿ ಚೆನ್ನಾಗಿದೆ" ಎಂದು ಗೋಡೆಗೆ ಹೇಳುತ್ತಿದ್ದುದು ಮೇಲೆ ಹೋಗಿದ್ದ ಮಾವ್ಶಿಯ ಕಣ್ಣಿಗೆ ಬಿತ್ತು. ನರ್ಸ್ ಅಲ್ಲವೇ? ರೋಗಿ ಹೇಳದ್ದನ್ನು ತಿಳಿದುಕೊಳ್ಳುವುದೇ ಅವರ ಕಸುಬಾಗಿತ್ತು. ಅಂದಿನಿಂದ ಪ್ರತಿ ಶನಿವಾರ ಮಾವ್ಶಿಗೆ ಮೇಲಿನ ಮಹಡಿಯಲ್ಲಿ ಏನೋ ಕೆಲಸ.

"ನನಗೂ ಕೆಳಗೆ ಹೋಗ್ಲಿಕ್ಕುಂಟು ಅಕ್ಕ."

"ಹೌದಾ? ಹಾಗಾದ್ರೆ ನಾನೂ ನಿಂತ್ಕೊಳ್ತೀನಿ."

ಇಬ್ಬರು ಮುದುಕಿಯರ ಈ ನಾಟಕ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಅವರಿಬ್ಬರು ಮಾತ್ರ ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಆಂಟಿ ಅಡುಗೆಮನೆಯಲ್ಲಿ ಕುಸಿದರು. ಹೃದಯದ ತೊಂದರೆ. ಮಗ ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದ. ಆಂಬುಲೆನ್ಸ್ ಕರೆಸಿ ಕಳುಹಿಸಿದ ಮಾವ್ಶಿ, ನನ್ನನ್ನು ಅಂಗಡಿಯಿಂದ ಎಬ್ಬಿಸಿ ಕಾರು ತರಿಸಿದರು. ದಾರಿಯುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಖಾಲಿ ಸೀಟುಗಳ ಬಗ್ಗೆ ಮಾತೇ ಇಲ್ಲ.

ಆಸ್ಪತ್ರೆಯಲ್ಲಿ ಆಂಟಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ಮಗ ಬಂದ ಕೂಡಲೇ ಆಪರೇಷನ್, ಏನೂ ಹೇಳುವಂತಿಲ್ಲ, ಎಂದರು ಡಾಕ್ಟರು. ನರ್ಸ್ ಹೊರಗೆ ಹೋದಳು. ಮಾವ್ಶಿ ಕೈಚೀಲ ತೆರೆದು ಒಂದು ಪುಟ್ಟ ಬಾಟಲಿ ತೆಗೆದರು. ಚರ್ಚಿನಿಂದ ತಂದ ಪವಿತ್ರ ಜಲ.

ನನಗೆ ತಕ್ಷಣ ಅರ್ಥವಾಯಿತು. ಸಾಯುವಂತಿರುವವರಿಗೆ, ಪಾದ್ರಿ ಸಿಗದಿದ್ದರೆ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ, ಅಂದರೆ ಕ್ರೈಸ್ತ ದೀಕ್ಷೆ, ಕೊಡಬಹುದು ಎಂಬ ನಿಯಮ ನಮ್ಮಲ್ಲಿದೆ. ಅಲ್ ಐನ್‌ನಲ್ಲಿ, ಉಸಿರು ನಿಲ್ಲುವಂತಿದ್ದ ಹಸುಗೂಸುಗಳಿಗೆ, ಅವುಗಳ ಕ್ರೈಸ್ತ ತಂದೆತಾಯಿ ಕೈಮುಗಿದು ಕೇಳಿಕೊಂಡಾಗ, ಮಾವ್ಶಿ ಕೊಟ್ಟಿದ್ದರು. ಈಗ ಬಾಟಲಿಯ ಮುಚ್ಚಳ ತೆರೆದು ಆಂಟಿಯ ತಲೆಯ ಬಳಿ ನಿಂತಿದ್ದರು.

ನಾನು ನನ್ನ ಬುದ್ಧಿಗೆ ತಕ್ಕ ಲೆಕ್ಕ ಹಾಕಿದೆ. ಹಾಕಿದರೆ ಲಾಭವಿದ್ದೀತು. ನಷ್ಟವಂತೂ ಏನೂ ಕಾಣಿಸಲಿಲ್ಲ. ಆಂಟಿಗೆ ಗೊತ್ತಾಗುವುದಿಲ್ಲ, ಮಾವ್ಶಿಗೆ ಜನ್ಮಪೂರ್ತಿ ನೆಮ್ಮದಿ.

"ಹಾಕಿಬಿಡಿ ಮಾವ್ಶಿ."

"ಕೇಳದೆಯಾ?"

"ಶನಿವಾರ ಲಿಫ್ಟ್ ಒತ್ತೋವಾಗ ಕೇಳ್ತೀರಾ?"

ಮಾವ್ಶಿ ನನ್ನನ್ನು ನೋಡಿದರು. "ಅದು ಅವಳಿಗೆ ಹೋಗ್ಬೇಕಾದ ಕಡೆಗೆ ಒತ್ತುವುದು ಮಾರಾಯ. ನನಗೆ ಬೇಕಾದ ಮಹಡಿಗೆ ಅಲ್ಲ."

ಹಾಗೆಂದವರು ಬಾಟಲಿಯನ್ನು ಎತ್ತಿ ಗಟಗಟನೆ ತಾವೇ ಕುಡಿದುಬಿಟ್ಟರು! ಅಷ್ಟೂ ಪವಿತ್ರ ಜಲ. ಮತ್ತೆ ಕೈಚೀಲಕ್ಕೆ ಕೈ ಹಾಕಿದರು. ಎರಡು ಪುಟ್ಟ ಬ್ಯಾಟರಿ ಮೇಣದಬತ್ತಿಗಳು. ಅವರ ಮನೆಯ ಅಲ್ತಾರಿನಲ್ಲಿ, ಪ್ರಾರ್ಥನೆಯ ಪೀಠದ ಮೇಲೆ, ಮಾತೆಯ ಮುಂದೆ ಇರುತ್ತಿದ್ದವು. ಹೊರಡುವಾಗ ನೀರನ್ನೂ ತಂದಿದ್ದರು, ಇವನ್ನೂ ತಂದಿದ್ದರು. ಯಾವುದನ್ನು ತೆಗೆಯಬೇಕೆಂದು ದಾರಿಯುದ್ದಕ್ಕೂ ತೀರ್ಮಾನವಾಗಿರಲಿಲ್ಲ.

ಕಿಟಕಿಯಾಚೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ಶುಕ್ರವಾರ ಸೂರ್ಯ ಮುಳುಗಿದರೆ ಅವರ ವಿಶ್ರಾಂತಿಯ ದಿನ ಶುರು. ಅದಕ್ಕೆ ಮೊದಲು ಆಂಟಿ ದೀಪ ಹಚ್ಚುತ್ತಾರೆ, ಒಂದು ವಾರವೂ ತಪ್ಪಿಸಿದವರಲ್ಲ. ಮಾವ್ಶಿ ಅವರ ಬೆರಳನ್ನು ಹಿಡಿದು ಒಂದೊಂದೇ ಸ್ವಿಚ್ಚಿನ ಮೇಲಿಟ್ಟರು. "ಅಕ್ಕ, ಹೊತ್ತಾಯ್ತು" ಎಂದರು. ಆ ಬೆರಳು ಒತ್ತಿತೋ, ಮಾವ್ಶಿಯ ಬೆರಳೇ ಒತ್ತಿತೋ, ನನಗೆ ಕಾಣಲಿಲ್ಲ. ಎರಡೂ ದೀಪ ಹೊತ್ತಿಕೊಂಡವು. ಆಂಟಿಯ ತುಟಿಗಳು ಅಲ್ಲಾಡಿದವು.

ದೇವರ ದಯೆ, ಆಪರೇಷನ್ ಚೆನ್ನಾಗಿ ಆಯಿತು. ಆಂಟಿ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಅವರ ಪದ್ಧತಿಯಂತೆ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡರು. ಎಲಿಯ ಪ್ರವಾದಿಯನ್ನು ನೆನೆದು, ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟ ದೊಡ್ಡ ತಟ್ಟೆ. ಮಗನ ಗೆಳೆಯರು ಪ್ರಾರ್ಥನೆ ಹೇಳಿ ಊಟಕ್ಕೆದ್ದರು. "ಎಲಿಯ ನಮ್ಮ ಬೈಬಲಿನಲ್ಲೂ ಇದ್ದಾರೆ, ಹಾಗಾಗಿ ನಾನು ಎರಡು ಸಲ ತಿನ್ಬಹುದು" ಎಂದು ಮಾವ್ಶಿ ತಟ್ಟೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಿದ್ದರು.

ಆಂಟಿ ಪಕ್ಕದಲ್ಲಿ ಬಂದು ಕುಳಿತರು. "ಸಿಸ್ಟರ್, ಆವತ್ತು ಆಸ್ಪತ್ರೆಯಲ್ಲಿ ಅರೆಗಣ್ಣಲ್ಲೇ ನಿನ್ನ ಕೈಯಲ್ಲಿ ಬಾಟಲಿ ಕಂಡೆ."

ಮಾವ್ಶಿ ತಡವರಿಸಿದರು. "ಬಾಯಾರಿಕೆ ಆಗಿತ್ತು ಅಕ್ಕ."

"ಎಷ್ಟು ಹಳೆ ನೀರು?"

"ಈಸ್ಟರಿನದ್ದು."

"ಹೊಟ್ಟೆ ಸರಿ ಇತ್ತಾ?"

"ಎರಡು ದಿನ ಸ್ವಲ್ಪ ಗಡಿಬಿಡಿ."

ಆಂಟಿ ಹೊಲಿಗೆಯ ಜಾಗ ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೆ ತಾವಾಗಿಯೇ ಕೇಳಿದರು. "ನಿನ್ನ ಯೇಸುವಿನ ಹತ್ತಿರ ನನ್ನ ವಿಷಯ ಏನು ಹೇಳ್ತೀಯ, ದಿನಾ?"

ಇದಲ್ಲವೇ ಗಿರಾಕಿ ತಾನಾಗಿ ಕೇಳುವ ಗಳಿಗೆ? ನಾನು ಮಾವ್ಶಿಯನ್ನು ಮೊಣಕೈಯಿಂದ ತಿವಿದೆ. ವರ್ಷಗಟ್ಟಲೆ ಕಾದ ಮಾತುಗಳೆಲ್ಲ ಅವರ ಬಾಯಲ್ಲಿ ಇದ್ದಿರಬೇಕು. ಹೊರಗೆ ಬಂದದ್ದು ಇಷ್ಟೇ.

"ನಿನ್ನನ್ನು ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳ್ತೇನೆ ಅಕ್ಕ."

ಆಂಟಿ ಅವಲಕ್ಕಿಯ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದರು. "ಶುಕ್ರವಾರ ದೀಪ ಹಚ್ಚುವಾಗ ನಾನೂ ಅದನ್ನೇ ಹೇಳೋದು, ನಿನ್ನ ಹೆಸರು ಹಿಡಿದು."

ಮಾವ್ಶಿ ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡು, "ತೆಂಗಿನಕಾಯಿ ಜಾಸ್ತಿಯಾಯ್ತು" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಟಾಗ ಅವರನ್ನು ಮನೆಗೆ ಬಿಡಲು ನಾನೂ ಜೊತೆಗೆ ಲಿಫ್ಟು ಹತ್ತಿದೆ. ಬಾಗಿಲು ಮುಚ್ಚಿಕೊಂಡಿತು. ಮಾವ್ಶಿ ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಲಿಫ್ಟು ಅಲುಗಲಿಲ್ಲ. ಬಟನ್ ಯಾರೂ ಒತ್ತಿರಲಿಲ್ಲ.

ಕೊನೆಗೆ ನಾನೇ ಒತ್ತಿದೆ, ಕೇಳದೆ, ಅವರ ಮಹಡಿಗೆ.